ಶ್ರೀಮತಿ ಇಂದು ಜೈನ್: ಪತ್ರಿಕೆಯ ಮನೆತನದಿಂದ ಟಿವಿ ವಾಹಿನಿಗಳವರೆಗೆ

ಶ್ರೀಮತಿ ಇಂದು ಜೈನ್ (1936–2021) ಅವರು ದೇಶದ ದೊಡ್ಡ ಮಾಧ್ಯಮ ಬಳಗಗಳಲ್ಲಿ ಒಂದಾದ ಟೈಮ್ಸ್ ಗ್ರೂಪ್‌ನ ಅಧ್ಯಕ್ಷೆಯಾಗಿದ್ದವರು. 1999ರಿಂದ ಜೀವನದ ಕೊನೆಯವರೆಗೆ ಆ ಸ್ಥಾನದಲ್ಲಿದ್ದರು. ಮೊದಲು ಪತ್ರಿಕೆಗಳಿಗಷ್ಟೇ ಹೆಸರಾಗಿದ್ದ ಆ ಬಳಗ ಕೇಬಲ್ ಹಾಗೂ ಉಪಗ್ರಹ ಟಿವಿಯಲ್ಲಿ ನೆಲೆಯೂರಿದ್ದು ಅವರ ಅವಧಿಯಲ್ಲಿಯೇ. ಭಾರತೀಯ ಜ್ಞಾನಪೀಠದ ಅಧ್ಯಕ್ಷೆಯೂ ಅವರೇ ಆಗಿದ್ದರು. ನಮ್ಮ ಹುಬ್ಬಳ್ಳಿ-ಧಾರವಾಡಕ್ಕೆ ಈ ಎರಡೂ ಕಡೆಯಿಂದ ಸಂಬಂಧವಿದೆ. ಸಮಾಜದ ಮಕ್ಕಳಿಗೆ ಮಾಹಿತಿ ಒಂದೆಡೆ ಸಿಗಲಿ ಎಂದು ಇಲ್ಲಿ ಬರೆದಿದ್ದೇನೆ.

ಜನನ ಮತ್ತು ಮನೆತನ

ಇಂದು ಅವರು 1936ರ ಸೆಪ್ಟೆಂಬರ್ 8ರಂದು ಉತ್ತರ ಪ್ರದೇಶದ ಫೈಜಾಬಾದಿನಲ್ಲಿ ಜನಿಸಿದರು. ಆದಿನಾಥರೂ ಸೇರಿ ಐವರು ತೀರ್ಥಂಕರರ ಜನ್ಮಭೂಮಿಯಾದ ಅಯೋಧ್ಯೆ ಅದರ ಪಕ್ಕದಲ್ಲೇ ಇದೆ. ಮದುವೆಯಾಗಿ ಸೇರಿದ್ದು ಸಾಹು ಜೈನ್ ಮನೆತನವನ್ನು. ಮಾವ ಸಾಹು ಶಾಂತಿಪ್ರಸಾದ್ ಜೈನ್, ಅತ್ತೆ ರಮಾ ಜೈನ್, ಪತಿ ಅಶೋಕ್ ಕುಮಾರ್ ಜೈನ್.

1838ರಲ್ಲಿ ಮುಂಬೈಯಲ್ಲಿ ಶುರುವಾದ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯನ್ನು ನಡೆಸುತ್ತಿದ್ದ ಬೆನೆಟ್ ಕೋಲ್ಮನ್ ಕಂಪನಿಯನ್ನು ಉದ್ಯಮಿ ರಾಮಕೃಷ್ಣ ದಾಲ್ಮಿಯಾ ಅವರು 1946ರಲ್ಲಿ ಇಂಗ್ಲಿಷರಿಂದ ಖರೀದಿಸಿದರು. ರಮಾ ಜೈನ್ ಅವರ ಮಗಳು. ಮುಂದೆ ಕಂಪನಿ ಅಳಿಯ ಶಾಂತಿಪ್ರಸಾದರ ಕೈಗೆ ಬಂತು.

ಉದ್ಯಮದಲ್ಲಿ ಮೊದಲ ಹೆಜ್ಜೆ

ಇಂದು ಜೈನ್ ಅವರ ಹೆಸರು ಉದ್ಯಮ ಲೋಕದಲ್ಲಿ ಮುಂದೆ ಬಂದದ್ದು 1983ರಲ್ಲಿ. ಭಾರತೀಯ ವಾಣಿಜ್ಯ ಮತ್ತು ಕೈಗಾರಿಕಾ ಮಹಾಮಂಡಳವಾದ ಫಿಕ್ಕಿಯ ಮಹಿಳಾ ಸಂಘಟನೆ ಆ ವರ್ಷ ಪ್ರಾರಂಭವಾಯಿತು. ಅದರ ಸ್ಥಾಪಕ ಅಧ್ಯಕ್ಷೆ ಇವರು. ಉದ್ಯಮ ನಡೆಸುವ ಹಾಗೂ ನಡೆಸಬೇಕೆಂದಿರುವ ಹೆಣ್ಣುಮಕ್ಕಳಿಗೆ ತರಬೇತಿ, ಪರಿಚಯ, ಧೈರ್ಯ ಕೊಡುವುದು ಅದರ ಕೆಲಸ. ಈ ಸಂಘಟನೆ ಇಂದಿಗೂ ನಡೆದಿದೆ.

1999ರಲ್ಲಿ ಪತಿ ಅಶೋಕ್ ಜೈನ್ ತೀರಿಕೊಂಡರು. ಆಗ ಇವರಿಗೆ 62 ವರ್ಷ. ನಮ್ಮ ಮನೆಗಳಲ್ಲಿ ಆ ವಯಸ್ಸಿನ ಹೆಣ್ಣುಮಗಳು ಪತಿಯ ನಂತರ ವ್ಯವಹಾರದಿಂದ ದೂರ ಸರಿದು ಧರ್ಮಧ್ಯಾನದಲ್ಲಿ ಇರುವುದೇ ಹೆಚ್ಚು. ಇವರು ಅಧ್ಯಕ್ಷ ಸ್ಥಾನವನ್ನು ವಹಿಸಿಕೊಂಡರು, ಧರ್ಮಧ್ಯಾನವನ್ನೂ ಬಿಡಲಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ದಿನನಿತ್ಯದ ಆಡಳಿತವನ್ನು ಮಕ್ಕಳಾದ ಸಮೀರ್ ಜೈನ್ ಮತ್ತು ವಿನೀತ್ ಜೈನ್ ನೋಡಿಕೊಳ್ಳುತ್ತಿದ್ದರು. ಟಿವಿಯ ಪ್ರತಿಯೊಂದು ಕಾರ್ಯಕ್ರಮ ಇವರೇ ಮಾಡಿಸಿದ್ದು ಎಂದು ಹೇಳಿದರೆ ಅದು ಸತ್ಯವಾಗುವುದಿಲ್ಲ. ಆದರೆ ಅಧ್ಯಕ್ಷ ಸ್ಥಾನ ಹೆಸರಿಗಷ್ಟೇ ಇರುವ ಕುರ್ಚಿಯೂ ಅಲ್ಲ. ಹೊಸ ವ್ಯವಹಾರಕ್ಕೆ ಕೈಹಾಕಬೇಕೇ ಬೇಡವೇ, ಎಷ್ಟು ಬಂಡವಾಳ ಹೂಡಬೇಕು, ನಷ್ಟ ಬಂದರೆ ಎಷ್ಟು ವರ್ಷ ತಾಳಬೇಕು ಎಂಬ ನಿರ್ಧಾರಗಳು ಆಡಳಿತ ಮಂಡಳಿಯ ಮುಂದೆ ಬರುತ್ತವೆ. ಕುಟುಂಬದ ಕಂಪನಿಯಲ್ಲಿ ಮನೆಯ ಹಿರಿಯರು ಆ ಮಂಡಳಿಯ ತಲೆಯಾಗಿ ಕೂಡುವುದರ ಅರ್ಥವೇನೆಂದು ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಿಲ್ಲ.

ಟಿವಿಗೆ ಪ್ರವೇಶ

1991ರ ಕೊಲ್ಲಿ ಯುದ್ಧದ ನಂತರ ನಮ್ಮ ದೇಶದಲ್ಲಿ ಕೇಬಲ್ ಟಿವಿ ಹಬ್ಬಿತು. ಓಣಿಯ ಒಬ್ಬ ಹುಡುಗ ಮಾಳಿಗೆಯ ಮೇಲೆ ದೊಡ್ಡ ಡಿಶ್ ಇಟ್ಟು, ಮನೆಯಿಂದ ಮನೆಗೆ ವೈರ್ ಎಳೆದು, ತಿಂಗಳಿಗೊಮ್ಮೆ ಹಣಕ್ಕೆ ಬರುತ್ತಿದ್ದುದು ನನ್ನ ವಯಸ್ಸಿನವರಿಗೆಲ್ಲ ನೆನಪಿದೆ. 1995ರಲ್ಲಿ ಕೇಬಲ್ ಟಿವಿ ಜಾಲಗಳ ನಿಯಂತ್ರಣ ಕಾಯ್ದೆ ಬಂತು. ಝೀ, ಸನ್, ಸ್ಟಾರ್ ಬಳಗಗಳು ಬೇಗನೆ ಬೇರೂರಿದವು. ಟೈಮ್ಸ್ ಬಳಗ ತಡವಾಗಿ ಬಂದರೂ ಒಂದರ ಹಿಂದೆ ಒಂದು ವಾಹಿನಿ ತಂದಿತು:

2004 – ಝೂಮ್: ಸಿನಿಮಾ ಮತ್ತು ಮನರಂಜನೆ.
2006 – ಟೈಮ್ಸ್ ನೌ: ಇಂಗ್ಲಿಷ್ ಸುದ್ದಿ. ಆರಂಭದಲ್ಲಿ ರಾಯಿಟರ್ಸ್ ಸಂಸ್ಥೆಯ ಪಾಲುದಾರಿಕೆ ಇತ್ತು.
2009 – ಇಟಿ ನೌ: ಷೇರು ಪೇಟೆ ಮತ್ತು ವ್ಯಾಪಾರದ ಸುದ್ದಿ.
2010 – ಮೂವೀಸ್ ನೌ: ಇಂಗ್ಲಿಷ್ ಚಲನಚಿತ್ರ.

ಟೈಮ್ಸ್ ನೌ ಬರುವಾಗ ಎನ್‌ಡಿಟಿವಿಯ ಇಂಗ್ಲಿಷ್ ವಾಹಿನಿ ಗಟ್ಟಿಯಾಗಿ ನಿಂತಿತ್ತು. 2005ರ ಡಿಸೆಂಬರಿನಲ್ಲಿ ಸಿಎನ್‌ಎನ್-ಐಬಿಎನ್ ಕೂಡ ಬಂದಿತ್ತು. ಅಂಥ ಪೇಟೆಯಲ್ಲಿ ಹೊಸ ಅಂಗಡಿ ತೆರೆದು, ಕೆಲವೇ ವರ್ಷಗಳಲ್ಲಿ ಮುಂಚೂಣಿಗೆ ತಂದದ್ದು ಸಣ್ಣ ಕೆಲಸವಲ್ಲ.

ಈ ವ್ಯವಹಾರ ಹೇಗೆ ನಡೆಯುತ್ತದೆ?

ಅನೇಕರು ಕೇಳುವ ಪ್ರಶ್ನೆ ಇದು. ವಾಹಿನಿಯವರು ತಮ್ಮ ಕಾರ್ಯಕ್ರಮವನ್ನು ಉಪಗ್ರಹಕ್ಕೆ ಕಳಿಸುತ್ತಾರೆ. ದೊಡ್ಡ ಕೇಬಲ್ ಕಂಪನಿಗಳು ಅದನ್ನು ಇಳಿಸಿಕೊಂಡು ಊರಿನ ಆಪರೇಟರುಗಳಿಗೆ ಕೊಡುತ್ತವೆ. ಅವರು ನಮ್ಮ ಮನೆಗೆ ತಲುಪಿಸುತ್ತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ತಯಾರಕ, ಸಗಟು ವ್ಯಾಪಾರಿ, ಚಿಲ್ಲರೆ ಅಂಗಡಿ. ವಾಹಿನಿಗೆ ಆದಾಯ ಎರಡು ದಾರಿಯಿಂದ: ಒಂದು ಜಾಹೀರಾತು, ಇನ್ನೊಂದು ನಾವು ಕಟ್ಟುವ ಚಂದಾದಲ್ಲಿ ಪಾಲು. ಜೊತೆಗೆ, ಕೇಬಲ್ಲಿನಲ್ಲಿ ಜಾಗ ಸಿಗಲು ವಾಹಿನಿಯೇ ಹಣ ಕೊಡಬೇಕಾದ ಸಂದರ್ಭಗಳೂ ಇವೆ. 2019ರಿಂದ ನಮಗೆ ಬೇಕಾದ ವಾಹಿನಿ ನಾವೇ ಆರಿಸುವ ನಿಯಮ ಬಂದಿದೆ. ಆದ್ದರಿಂದ ಮನೆಯಲ್ಲಿ ಯಾವ ವಾಹಿನಿಗೆ ಹಣ ಕಟ್ಟುತ್ತಿದ್ದೇವೆ ಎಂದು ಒಮ್ಮೆ ನೋಡಿಕೊಳ್ಳಿರಿ.

ಹುಬ್ಬಳ್ಳಿಯ ಸಂಬಂಧ

ಹುಬ್ಬಳ್ಳಿಯ ಉದ್ಯಮಿ ವಿಜಯ ಸಂಕೇಶ್ವರ ಅವರು 1999ರಲ್ಲಿ ವಿಜಯ ಕರ್ನಾಟಕ ಪತ್ರಿಕೆ ಪ್ರಾರಂಭಿಸಿದರು. ಇಂದು ಜೈನ್ ಅಧ್ಯಕ್ಷೆಯಾದ ವರ್ಷವೂ ಅದೇ. 2006ರಲ್ಲಿ ಟೈಮ್ಸ್ ಬಳಗ ಆ ಪತ್ರಿಕೆಯನ್ನು ಖರೀದಿಸಿತು. ಸಂಕೇಶ್ವರರ ಬಳಗ ಮುಂದೆ 2012ರಲ್ಲಿ ವಿಜಯವಾಣಿ ಪತ್ರಿಕೆಯನ್ನೂ 2017ರಲ್ಲಿ ದಿಗ್ವಿಜಯ ವಾಹಿನಿಯನ್ನೂ ತಂದಿತು. ಅವರ ವಿ.ಆರ್.ಎಲ್. ಸಂಸ್ಥೆ ಇರುವುದು ವರೂರಿನಲ್ಲಿ. ನಾವು ನವಗ್ರಹ ತೀರ್ಥದ ದರ್ಶನಕ್ಕೆ ಹೋಗುವ ಅದೇ ವರೂರು.

ಜ್ಞಾನಪೀಠ ಮತ್ತು ಧಾರವಾಡ

ಭಾರತೀಯ ಜ್ಞಾನಪೀಠವನ್ನು 1944ರಲ್ಲಿ ಶಾಂತಿಪ್ರಸಾದ್ ಮತ್ತು ರಮಾ ಜೈನ್ ದಂಪತಿ ಸ್ಥಾಪಿಸಿದರು. ಶಾಂತಿಪ್ರಸಾದರ ತಾಯಿ ಮೂರ್ತಿದೇವಿಯವರ ಹೆಸರಿನ ಗ್ರಂಥಮಾಲೆಯಲ್ಲಿ ಪ್ರಾಕೃತ, ಸಂಸ್ಕೃತ ಮೊದಲಾದ ಭಾಷೆಗಳ ಜೈನ ಗ್ರಂಥಗಳು ಅಚ್ಚಾದವು. ಬೆಳಗಾವಿ ಜಿಲ್ಲೆಯ ಸದಲಗಾದ ವಿದ್ವಾಂಸ ಡಾ. ಆ.ನೇ. ಉಪಾಧ್ಯೆ ಅವರು ಅದರ ಸಂಪಾದಕರಲ್ಲಿ ಒಬ್ಬರು. ಜ್ಞಾನಪೀಠ ಪ್ರಶಸ್ತಿ ಧಾರವಾಡದ ದ.ರಾ. ಬೇಂದ್ರೆಯವರಿಗೆ 1973ರಲ್ಲಿ ಬಂತು. ಇಂದು ಜೈನ್ ಅವರ ಕಾಲದಲ್ಲಿ, ಧಾರವಾಡದಲ್ಲಿ ಓದಿದ ಚಂದ್ರಶೇಖರ ಕಂಬಾರರಿಗೆ 2010ರ ಸಾಲಿನ ಪ್ರಶಸ್ತಿ ಸಂದಿತು.

ಇತರ ಸೇವೆ ಮತ್ತು ಗೌರವ

2000ದಲ್ಲಿ ಸಮಾಜ ಸೇವೆಗಾಗಿ ಟೈಮ್ಸ್ ಫೌಂಡೇಶನ್ ಸ್ಥಾಪಿಸಿದರು. ಅದೇ ವರ್ಷ ವಿಶ್ವಸಂಸ್ಥೆಯಲ್ಲಿ ನಡೆದ ಧಾರ್ಮಿಕ ನಾಯಕರ ವಿಶ್ವಶಾಂತಿ ಸಮ್ಮೇಳನದಲ್ಲಿ ಮಾತನಾಡಿದರು. 2016ರಲ್ಲಿ ಪದ್ಮಭೂಷಣ ಗೌರವ ದೊರೆಯಿತು. 2021ರ ಮೇ 13ರಂದು ಕೋವಿಡ್ ತೊಂದರೆಯಿಂದ ದೆಹಲಿಯಲ್ಲಿ ನಿಧನರಾದರು. ಅಂಗದಾನ ಮಾಡಬೇಕೆಂಬುದು ಅವರ ಕೊನೆಯ ಆಸೆಯಾಗಿತ್ತು. ಕೋವಿಡ್ ಕಾರಣದಿಂದ ಅದು ನೆರವೇರಲಿಲ್ಲ.

ನಾವು ತಿಳಿಯಬೇಕಾದದ್ದು

ಮೆಚ್ಚುಗೆಯ ಜೊತೆಗೆ ಒಂದು ಪ್ರಶ್ನೆಯನ್ನೂ ಇಡಬೇಕು. ಅನೇಕಾಂತವಾದ ನಮಗೆ ಎದುರಿನವನ ಮಾತಿನಲ್ಲೂ ಸತ್ಯದ ಅಂಶ ಹುಡುಕಲು ಹೇಳುತ್ತದೆ. ಟಿವಿಯ ರಾತ್ರಿ ಚರ್ಚೆಗಳಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಟೈಮ್ಸ್ ನೌ ಚರ್ಚೆಗಳೂ ಈ ಗದ್ದಲಕ್ಕೆ ಟೀಕೆ ಕೇಳಿವೆ. ಜೈನ ಮನೆತನದ ಒಡೆತನ ಇದ್ದರೂ ಪೇಟೆಯ ಒತ್ತಡ ತಪ್ಪಲಿಲ್ಲ. ಇದು ವ್ಯಾಪಾರದಲ್ಲಿರುವ ನಮ್ಮೆಲ್ಲರಿಗೂ ಬರುವ ಪರೀಕ್ಷೆಯೇ.

ಹೆಣ್ಣುಮಗಳು ವಿದ್ಯೆಯ ಪ್ರಸಾರಕ್ಕೆ ನಿಲ್ಲುವುದು ನಮ್ಮ ನಾಡಿಗೆ ಹೊಸದಲ್ಲ. ಸಾವಿರ ವರ್ಷದ ಹಿಂದೆ ಗದಗ ಹತ್ತಿರದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯೂ ಪತಿಯನ್ನು ಕಳೆದುಕೊಂಡ ಶ್ರಾವಿಕೆಯೇ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು. ರನ್ನನಿಗೆ ಆಶ್ರಯ ಕೊಟ್ಟಳು. ಅಚ್ಚುಯಂತ್ರವಿಲ್ಲದ ಕಾಲದ ಪ್ರಸಾರ ಕಾರ್ಯ ಅದು.

ನಮ್ಮ ತಂದೆ ತೀರಿಕೊಂಡ ಮೇಲೆ ನಮ್ಮ ತಾಯಿ ಹನ್ನೊಂದು ವರ್ಷ ಅಂಗಡಿಯ ಖಾತೆ-ಕಿರ್ದಿ ನೋಡಿದರು. ಉದ್ರಿ ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂಬುದು ಅವರ ಮಾತಿನ ಮೇಲೆ ನಡೆಯುತ್ತಿತ್ತು. ಆದರೆ ಅಂಗಡಿಯ ಒಂದು ಕಾಗದದಲ್ಲೂ ಅವರ ಹೆಸರಿರಲಿಲ್ಲ. ಅದು ನನಗೆ ಹೊಳೆದದ್ದು ಅವರು ಹೋದ ಮೇಲೆ, ಹಳೆಯ ಕಡತ ತೆಗೆದಾಗ. ಈಗ ನಮ್ಮ ಸೊಸೆ ಪಾಲುದಾರಳು, ಹೆಸರು ಪತ್ರದಲ್ಲಿದೆ. ಸಮಾಜ ಬಾಂಧವರು ತಮ್ಮ ಮನೆಯ ಪಾಲುದಾರಿಕೆ ಪತ್ರವನ್ನು ಒಮ್ಮೆ ತೆಗೆದು ನೋಡಿರಿ. ಕೆಲಸ ಮಾಡುವವರ ಹೆಸರು ಅದರಲ್ಲಿ ಇದೆಯೇ?

ಜೈ ಜಿನೇಂದ್ರ.