'ಜಾಝ್' ಸವೆದು 'ಜೆ' ಆದದ್ದು

1957ರ ಡಿಸೆಂಬರ್ 8, ಭಾನುವಾರ. ನ್ಯೂಯಾರ್ಕಿನಿಂದ ಸಿಬಿಎಸ್ ಟಿವಿ 'ದ ಸೌಂಡ್ ಆಫ್ ಜಾಝ್' ಕಾರ್ಯಕ್ರಮವನ್ನು ನೇರ ಪ್ರಸಾರ ಮಾಡಿತು. ಅಲಂಕಾರದ ಸೆಟ್ ಇರಲಿಲ್ಲ. ಕ್ಯಾಮೆರಾಗಳು ಕಂಡರೆ ಕಾಣಲಿ ಎಂದು ಬಿಟ್ಟಿದ್ದರು. ಗಾಯಕಿ ಬಿಲ್ಲಿ ಹಾಲಿಡೇ ಸ್ಟೂಲಿನ ಮೇಲೆ ಕೂತು ಹಾಡಿದರು. ನಡುವೆ ಲೆಸ್ಟರ್ ಯಂಗ್ ಎದ್ದು ಬಂದು ಸ್ಯಾಕ್ಸೊಫೋನಿನಲ್ಲಿ ಒಂದೇ ಒಂದು ಆವರ್ತ ನುಡಿಸಿದರು. ಅದಕ್ಕೆ ತಲೆದೂಗುತ್ತಿದ್ದ ಹಾಲಿಡೇ ಮುಖವನ್ನು ಕ್ಯಾಮೆರಾ ಹಿಡಿಯಿತು. ಇಬ್ಬರೂ 1959ರಲ್ಲಿ ತೀರಿಕೊಂಡರು. ಕಛೇರಿಯಲ್ಲಿ ಗಾಯಕರು ಪಿಟೀಲಿನವರ ಕಡೆ ತಿರುಗಿ 'ಭಲೇ' ಅನ್ನುವುದನ್ನು ಕಂಡವರಿಗೆ ಈ ದೃಶ್ಯವನ್ನು ವಿವರಿಸಬೇಕಿಲ್ಲ. ರೇಡಿಯೊ ಕೊಡಲಾಗದ್ದನ್ನು ಟಿವಿ ಕೊಟ್ಟದ್ದು ಇಲ್ಲಿ.

ಆದರೆ ಆ ಕಾಲದ ಟಿವಿಯಲ್ಲಿ ಜಾಝ್ ಬಂದುಹೋಗುವ ನೆಂಟ. ನ್ಯಾಟ್ ಕಿಂಗ್ ಕೋಲ್ ಅಂಥ ಜನಪ್ರಿಯ ಗಾಯಕರಿಗೂ ಎನ್‌ಬಿಸಿಯಲ್ಲಿ ರಾಷ್ಟ್ರಮಟ್ಟದ ಪ್ರಾಯೋಜಕರು ಸಿಗದೆ, 1957ರ ಕೊನೆಗೆ ಕಾರ್ಯಕ್ರಮ ನಿಂತಿತು. ಕಪ್ಪು ಕಲಾವಿದನ ಪಕ್ಕ ಹೆಸರು ಹಾಕಿಸಿಕೊಳ್ಳಲು ಕಂಪನಿಗಳು ಅಂಜಿದವು. ಬ್ರಿಟನ್ನಿನಲ್ಲಿ 1964ರಲ್ಲಿ ಶುರುವಾದ ಬಿಬಿಸಿ 2, ಜಾಝ್‌ಗೆ 'ಜಾಝ್ 625' ಎಂಬ ಕಾರ್ಯಕ್ರಮ ಕೊಟ್ಟಿತು. 625 ಅಂದರೆ ಹೊಸ ಪರದೆಯ ಗೆರೆಗಳ ಸಂಖ್ಯೆ. ಸಂಗೀತದ ಹೆಸರಿನಲ್ಲೇ ತಂತ್ರಜ್ಞಾನದ ಜಾಹೀರಾತು!

ಅಮೆರಿಕದ ಟಿವಿಯಲ್ಲಿ ಜಾಝ್‌ಗೆ ಸ್ವಂತ ಮನೆ ಸಿಕ್ಕಿದ್ದು 1996ರಲ್ಲಿ. ಕಪ್ಪು ಪ್ರೇಕ್ಷಕರಿಗಾಗಿ ರಾಬರ್ಟ್ ಜಾನ್ಸನ್ ಕಟ್ಟಿದ್ದ ಬಿಇಟಿ ಸಂಸ್ಥೆ 'ಬಿಇಟಿ ಆನ್ ಜಾಝ್' ಎಂಬ ಚಾನೆಲ್ ತೆರೆಯಿತು. ಮುಂದಿನ ಕಥೆಯನ್ನು ಹೆಸರುಗಳೇ ಹೇಳುತ್ತವೆ. ಮೊದಲು 'ಆನ್' ಬಿದ್ದು 'ಬಿಇಟಿ ಜಾಝ್' ಆಯಿತು. ವಯಾಕಾಮ್ ಎಂಬ ಮಾಧ್ಯಮ ಕಂಪನಿ ಬಿಇಟಿಯನ್ನು ಕೊಂಡ ಮೇಲೆ, 2006ರಲ್ಲಿ, 'ಬಿಇಟಿ ಜೆ'. ಅಷ್ಟು ಹೊತ್ತಿಗೆ ಸೋಲ್, ಆರ್ ಅಂಡ್ ಬಿ ಒಳಗೆ ಬಂದು ಕೂತಿದ್ದವು. 'ಜೆ' ಅಂದರೆ ಏನು ಎಂದು ಯಾರೂ ಒತ್ತಾಯಿಸಿ ಕೇಳದಿರಲಿ ಎಂಬಂತೆ ಒಂಟಿ ಅಕ್ಷರ ಉಳಿಯಿತು. 2009ರಲ್ಲಿ ಅದೂ ಹೋಗಿ 'ಸೆಂಟ್ರಿಕ್'. 2017ರಲ್ಲಿ ಕಪ್ಪು ಮಹಿಳೆಯರಿಗಾಗಿ 'ಬಿಇಟಿ ಹರ್'.

ಇದನ್ನು ದ್ರೋಹ ಅನ್ನಲು ನನಗೆ ಮನಸ್ಸಿಲ್ಲ. ಕೇಬಲ್ ಕಂಪನಿ ತನ್ನ ಪಟ್ಟಿಗೆ ಸೇರಿಸಿಕೊಂಡರಷ್ಟೇ ಚಾನೆಲ್ ಮನೆ ಮುಟ್ಟುತ್ತದೆ. ಆ ಮನೆಗಳನ್ನು ಎಣಿಸಿಯೇ ಜಾಹೀರಾತು ಬರುತ್ತದೆ. ಒಂದು ಗಂಟೆಯ ಕಾರ್ಯಕ್ರಮಕ್ಕೆ ಸಾಕಾಗುವ ರಸಿಕರು ಇಪ್ಪತ್ನಾಲ್ಕು ಗಂಟೆಯ ಖರ್ಚು ಹೊರಲಾರರು.

ಫ್ರಾನ್ಸಿನ 'ಮೆಜ್ಜೊ' ಚಾನೆಲ್ 1998ರಿಂದ ಬೇರೆ ದಾರಿ ಹಿಡಿಯಿತು: ಶಾಸ್ತ್ರೀಯ ಸಂಗೀತ, ಒಪೆರಾ, ನೃತ್ಯಗಳ ಜೊತೆ ಜಾಝ್‌ಗೂ ಒಂದು ಕೋಣೆ. ಕೂಡು ಕುಟುಂಬವಾದ್ದರಿಂದ ಬಾಳಿತು ಅನ್ನಬೇಕು. ಬೆರಕೆ ಜಾಝ್‌ಗೆ ಹೊಸದೂ ಅಲ್ಲ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಸೇರಿ 1983ರಲ್ಲಿ ತಂದ 'ಜ್ಯೋತಿ' ಆಲ್ಬಮ್ಮಿನಲ್ಲಿ ಆರ್.ಎ. ರಮಾಮಣಿ ಹಾಡಿದ್ದಾರೆ; ಅದನ್ನು ಜಾಝ್ ಅಲ್ಲ ಎಂದು ಬಾಗಿಲಲ್ಲೇ ತಡೆಯುವ ಚಾನೆಲ್ ನನಗಂತೂ ಬೇಡ.

2017ರಲ್ಲಿ ಅಮೆರಿಕದ ಸಂಗೀತಗಾರ ಕ್ವಿನ್ಸಿ ಜೋನ್ಸ್, ಮೆಜ್ಜೊದಲ್ಲಿ ಪಳಗಿದ್ದ ರೆಜಾ ಅಕ್ಬರಾಲಿ ಜೊತೆ 'ಕ್ವೆಸ್ಟ್ ಟಿವಿ' ಶುರುಮಾಡಿದರು. ಹೆಸರಿನಲ್ಲಿ ಟಿವಿ ಇದ್ದರೂ ಹುಟ್ಟಿದ್ದು ಅಂತರ್ಜಾಲದಲ್ಲಿ, ಚಂದಾದಾರರ ಹಣದಿಂದ. ಕೇಬಲ್ ಕಂಪನಿಯ ಪಟ್ಟಿಗಾಗಿ ಕಾಯಬೇಕಿರಲಿಲ್ಲ. ಬೇಕಾದ ಕಛೇರಿಯನ್ನು ನೋಡುಗರೇ ಆರಿಸಿಕೊಳ್ಳುತ್ತಿದ್ದರು.