ಬರ, ಬೇನೆ ಮತ್ತು ಶಿಲುಬೆ

ಮಗುವಿಗೆ ಜ್ವರ ಬಿಡದಿದ್ದರೆ ಹುಲಿಗೆಮ್ಮನಿಗೆ ಹರಕೆ ಹೊರುವ, ಗವಿಮಠದ ಜಾತ್ರೆಗೆ ಊರೂರಿನಿಂದ ರೊಟ್ಟಿ ಕಟ್ಟಿಕೊಂಡು ಬರುವ ಕೊಪ್ಪಳ ಸೀಮೆಯ ಜನರ ಭಕ್ತಿಯನ್ನು ಯಾರೂ ಅನುಮಾನಿಸುವುದಿಲ್ಲ. ಅದೇ ಓಣಿಯ ಹೆಣ್ಣುಮಗಳೊಬ್ಬಳು ಬೇನೆ ತಾಳದೆ ಪ್ರಾರ್ಥನಾ ಕೂಟಕ್ಕೆ ಹೋದರೆ ಮಾತ್ರ ‘ಅವಳಿಗೇನು ಕೊಟ್ಟರು?’ ಎಂಬ ಪ್ರಶ್ನೆ ಏಳುತ್ತದೆ. ಕನ್ನಡ ಕ್ರೈಸ್ತರ ಬಗೆಗಿನ ಬರವಣಿಗೆ ಬಹುಪಾಲು ಈ ಪ್ರಶ್ನೆಯ ಸುತ್ತಲೇ ಸವೆದಿದೆ. ಬಂದವರು ತಮ್ಮ ನೋವನ್ನು ಹೇಗೆ ಅರಿತುಕೊಂಡರು ಎಂದು ಕೇಳಿದವರು ಕಡಿಮೆ.

ನೋವಿನ ಬಗ್ಗೆ ಈ ನೆಲ ಯೋಚಿಸತೊಡಗಿದ್ದು ಕ್ರೈಸ್ತರು ಬರುವುದಕ್ಕೆ ಎಷ್ಟೋ ಮೊದಲು. ಜೈನರ ಕೊಪಣ ತೀರ್ಥ ಇದೇ ಕೊಪ್ಪಳ; ಸಲ್ಲೇಖನ ಕೈಗೊಂಡು ದೇಹ ಬಿಟ್ಟವರ ನೆನಪು ಇಲ್ಲಿನ ಬಂಡೆಗಳ ಮೇಲಿದೆ. ಕುಷ್ಟಗಿಗೆ ಹತ್ತಿರದ ಮುದಗಲ್ಲಿನಲ್ಲಿ 1557ರಲ್ಲೇ ಜೆಸುಯಿಟರು ಚರ್ಚು ಕಟ್ಟಿದರೆಂದು ಹೇಳಲಾಗುತ್ತದೆ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. 1834ರಲ್ಲಿ ಮಂಗಳೂರಿನಲ್ಲಿ ಇಳಿದ ಬಾಸೆಲ್ ಮಿಷನ್ 1837ಕ್ಕೆ ಧಾರವಾಡ, 1841ಕ್ಕೆ ಬೆಟಗೇರಿ ಮುಟ್ಟಿತು. ನಡುವೆ ಉಳಿದ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ನಿಜಾಮನ ಆಡಳಿತದಲ್ಲಿದ್ದವು. ಮಿಷನ್ನಿನ ವರದಿಗಳು ಗಡಿಯಾಚೆ ಬರೆಯಲ್ಪಟ್ಟವು. ಇಲ್ಲಿಯವರ ಮಾತು ಅವುಗಳಲ್ಲಿ ಅಪರೂಪ.

ಬಾಸೆಲ್ ಮಿಷನ್ನಿನ ಆ ಮೊದಲ ದಶಕದ ಒಂದು ಪ್ರಸಂಗವನ್ನಾದರೂ ನಿಂತು ನೋಡಬೇಕು. 1840ರ ಸುಮಾರಿಗೆ ಧಾರವಾಡ–ಹುಬ್ಬಳ್ಳಿಯ ಸುತ್ತಿನ ಕಾಲಜ್ಞಾನ ಪಂಥದವರು ತಮ್ಮ ನುಡಿಗಳು ಮುನ್ಸೂಚಿಸಿದ್ದ ಗುರುಗಳು ಇವರೇ ಇರಬಹುದೆಂದು ಮಿಷನರಿಗಳ ಬಳಿಗೆ ತಾವಾಗಿ ಬಂದರು. ಅವರ ಮೇಲೆ ದೊಡ್ಡ ಭರವಸೆಯಿಟ್ಟು ಗದಗಿನ ಬಳಿ ಮಲಸಮುದ್ರದಲ್ಲಿ ಕ್ರೈಸ್ತ ಗ್ರಾಮ ಕಟ್ಟುವ ಯತ್ನ ನಡೆಯಿತು, ಅದು ಕೈಗೂಡಲಿಲ್ಲ. ಆದರೆ ಅವರನ್ನು ಕರೆತಂದದ್ದು ಹಸಿವಲ್ಲ, ಬಹುಕಾಲದ ನಿರೀಕ್ಷೆ.

ಹಸಿವಿನ ಕಾಲ ಬಂದದ್ದು 1876–78ರಲ್ಲಿ. ಆ ಬರ ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಬಳ್ಳಾರಿ, ಧಾರವಾಡ, ರಾಯಚೂರು ಸೀಮೆಗಳು ಬೆಂದುಹೋದವು. ‘ಗಂಜಿಗಾಗಿ ಮತ ಬಿಟ್ಟರು’ ಎಂಬ ಮಾತಿಗೆ ಜನ ಇದೇ ಬರವನ್ನು ಸಾಕ್ಷಿ ಮಾಡುತ್ತಾರೆ. ಆಂಧ್ರದ ಒಂಗೋಲಿನಲ್ಲಿ ನಡೆದದ್ದೇ ಬೇರೆ. ಅಲ್ಲಿನ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲಫ್, ಬಕಿಂಗ್‌ಹ್ಯಾಮ್ ಕಾಲುವೆಯ ಕೆಲಸ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಡಿಸಿದರು. ಪರಿಹಾರ ನಡೆಯುತ್ತಿದ್ದಷ್ಟು ಕಾಲ ದೀಕ್ಷಾಸ್ನಾನ ನಿಲ್ಲಿಸಿಟ್ಟರು. ಪರಿಹಾರ ಮುಗಿದ ಮೇಲೂ ಜನ ಬಂದರು. 1878ರ ಜುಲೈ 3ರಂದು ಒಂದೇ ದಿನ 2,222 ಮಂದಿ ದೀಕ್ಷೆ ಪಡೆದರು. 1933ರಲ್ಲಿ ಮೆಥಡಿಸ್ಟ್ ಮಿಷನರಿ ವಾಸ್ಕಮ್ ಪಿಕೆಟ್ ಸಾಮೂಹಿಕ ಮತಾಂತರಗಳ ದೊಡ್ಡ ಅಧ್ಯಯನ ಪ್ರಕಟಿಸಿದರು. ಆತ್ಮದ ಹಂಬಲ, ಲೌಕಿಕ ಲಾಭ, ಕುಲಬಾಂಧವರ ಒತ್ತಾಸೆ, ಹುಟ್ಟಿನ ನಂಟು ಎಂದು ಕಾರಣಗಳನ್ನು ವಿಂಗಡಿಸಿದ ಅವರು, ಲಾಭಕ್ಕೆಂದು ಬಂದವರೂ ಮುಂದೆ ನಂಬಿಕೆಯಲ್ಲಿ ಬೆಳೆದುದನ್ನು ಕಂಡರು. ಈ ಪುಸ್ತಕವನ್ನು ಇಂದಿನ ವಾದವಿವಾದದವರು ಓದಿದಂತಿಲ್ಲ.

ಇನ್ನು ಕನ್ನಡದ ಬರವಣಿಗೆ. ಕಿಟೆಲ್ ಯೇಸುವಿನ ಜೀವನವನ್ನು ‘ಕಥಾಮಾಲೆ’ಯಾಗಿ ಕನ್ನಡ ಪದ್ಯಕ್ಕೆ ತಂದರು. ಮಂಜೇಶ್ವರದ ಗೋವಿಂದ ಪೈ ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ ಬರೆದರು. ಶಿಲುಬೆಯ ನೋವಿಗೆ ಕನ್ನಡದಲ್ಲಿ ಗಂಭೀರವಾದ ಕಾವ್ಯ ಕೊಟ್ಟವರು ಕ್ರೈಸ್ತರಲ್ಲದ ಒಬ್ಬ ಕವಿ ಎಂಬುದನ್ನು ಸಭೆಗಳು ಇನ್ನಷ್ಟು ನೆನೆಯಬೇಕಿತ್ತು. ಉತ್ತಂಗಿ ಚನ್ನಪ್ಪನವರು (1881–1962) ಬಾಸೆಲ್ ಮಿಷನ್ನಿನ ಸಭಾಪಾಲಕರು, ಸರ್ವಜ್ಞನ ವಚನಗಳ ಸಂಪಾದಕರು, 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಬಸವಣ್ಣನನ್ನು ಬಿಡದೆ ಕ್ರಿಸ್ತನನ್ನು ಹಿಡಿದ ಆ ಮನಸ್ಸಿಗೆ ಸಮನಾದದ್ದು ಆಮೇಲೆ ಬರಲಿಲ್ಲ.

ನಿಜವಾದ ತಿರುವು 1970ರ ನಂತರದ್ದು. ಅಲ್ಲಿಯವರೆಗೆ ಶುಭ ಶುಕ್ರವಾರದ ಪ್ರಸಂಗಗಳಲ್ಲಿ ಮೇಲುಗೈ ಪಡೆದಿದ್ದ ಮಾತು ಒಂದೇ: ತಾಳಿಕೋ, ಪರಲೋಕದಲ್ಲಿ ಪ್ರತಿಫಲವಿದೆ. ಊರ ಹೊರಗಿನ ಕೇರಿಯವನಿಗೆ ಇದು ಕರ್ಮದ ಲೆಕ್ಕಕ್ಕಿಂತ ಎಷ್ಟು ಬೇರೆ? ದಲಿತ ಚಳವಳಿ ಕರ್ನಾಟಕದಲ್ಲಿ ಎದ್ದ ಆ ದಶಕದಲ್ಲೇ ಬೆಂಗಳೂರು, ಮಂಗಳೂರುಗಳ ದೈವಜ್ಞಾನ ಕಾಲೇಜುಗಳಲ್ಲಿ ಓದುತ್ತಿದ್ದ ತಲೆಮಾರು ಬೈಬಲನ್ನು ಮತ್ತೆ ತೆರೆಯಿತು. ಯೋಬನ ಕಷ್ಟ ಅವನ ಪಾಪದ ಫಲವೆಂದ ಗೆಳೆಯರ ಮಾತನ್ನು ಆ ಗ್ರಂಥದಲ್ಲಿ ದೇವರೇ ತಳ್ಳಿಹಾಕುತ್ತಾನೆ. ಹುಟ್ಟುಕುರುಡನನ್ನು ತೋರಿಸಿ ಯಾರ ಪಾಪವೆಂದು ಕೇಳಿದ ಶಿಷ್ಯರಿಗೆ, ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎನ್ನುತ್ತಾನೆ ಯೇಸು. ಪೌಲನ ಶರೀರದ ಮುಳ್ಳು ಮೂರು ಸಲ ಬೇಡಿದರೂ ಹೋಗಲಿಲ್ಲ. ಶಿಲುಬೆಯ ಮೇಲಿನವನೇ ಏಕೆ ಕೈಬಿಟ್ಟೆ ಎಂದು ಕೂಗುತ್ತಾನೆ.

ಒಮ್ಮೆ ಯುದ್ಧಕೈದಿಯಾಗಿದ್ದ ಜರ್ಮನಿಯ ದೈವಜ್ಞಾನಿ ಮೋಲ್ಟ್‌ಮನ್ 1972ರಲ್ಲಿ ಆ ಕೂಗಿನಿಂದಲೇ ದೇವರನ್ನು ಅರಿಯಬೇಕೆಂದು ಬರೆದಿದ್ದರು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಎ. ಪಿ. ನಿರ್ಮಲ್ ಶೂದ್ರ ದೈವಜ್ಞಾನದ ಮಾತೆತ್ತಿದರು, ಮುಂದೆ ಅದು ದಲಿತ ದೈವಜ್ಞಾನವಾಯಿತು. ದಲಿತರ ನೋವು ಸಿದ್ಧಾಂತಕ್ಕೆ ಉದಾಹರಣೆಯಲ್ಲ, ದೇವರನ್ನು ತಿಳಿಯುವ ದಾರಿಯೇ ಅದು ಎಂದರು. ಇಷ್ಟು ಧೈರ್ಯದ ವಿಚಾರ ಈ ಕ್ಷೇತ್ರದಲ್ಲಿ ಮತ್ತೊಂದಿಲ್ಲ. ತಾಳ್ಮೆಯನ್ನಷ್ಟೇ ಬೋಧಿಸುತ್ತಿದ್ದ ಸಭೆಗೆ, ಮನುಷ್ಯರು ಮಾಡಿದ ನೋವನ್ನು ಮನುಷ್ಯರೇ ನಿಲ್ಲಿಸಬೇಕೆಂದು ಅದು ಹೇಳಿಕೊಟ್ಟಿತು.

ಆ ಮಾತು ಎಷ್ಟು ಬೇಕಾಗಿತ್ತೆಂಬುದಕ್ಕೆ ಇದೇ ಜಿಲ್ಲೆ ನೋಡಬಹುದು. 2021ರಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬದ ಪುಟ್ಟ ಮಗು ಗುಡಿಯೊಳಗೆ ಓಡಿತೆಂದು ದಂಡ ಹೇರಲಾಯಿತು. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ಹಲ್ಲೆಗೆ 2024ರಲ್ಲಿ ಕೊಪ್ಪಳದ ಸೆಷನ್ಸ್ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇವು ಕ್ರೈಸ್ತರ ಪ್ರಕರಣಗಳಲ್ಲ. ದೇವರ ಮುಂದೆ ನಿಲ್ಲಲು ಜಾಗ ಹುಡುಕುವ ಹಂಬಲ ಎಲ್ಲಿಂದ ಏಳುತ್ತದೆಂದು ತಿಳಿಯಬೇಕಾದವರು ಇವನ್ನು ಬಿಟ್ಟು ಮುಂದೆ ಹೋಗಲಾಗದು.

ದಲಿತ ದೈವಜ್ಞಾನ ಬೆಳೆದದ್ದು ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಹಳ್ಳಿಯ ಸಭೆಗೆ ಅದು ಇಳಿಯುವಷ್ಟರಲ್ಲಿ ನಂಬಿದರೆ ಕಾಯಿಲೆ ಓಡುತ್ತದೆ, ಸಾಲ ತೀರುತ್ತದೆ ಎನ್ನುವ ಬೋಧನೆ ಮೊಬೈಲಿನಲ್ಲಿ ಬಂದು ಕೂತಿತ್ತು. ವಾಸಿಯಾಗದವಳಿಗೆ ಆ ಬೋಧನೆ ಹೇಳುವುದು ಯೋಬನ ಗೆಳೆಯರು ಹೇಳಿದಂಥದ್ದನ್ನೇ: ತಪ್ಪು ನಿನ್ನದೇ, ನಿನ್ನ ನಂಬಿಕೆ ಸಾಲದು.

ಇಂಥ ಸಭೆಗಳಿಗೆ ಬರುವವರನ್ನು ಎಣಿಸುವುದೂ ಸುಲಭವಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸವಲತ್ತು ಕ್ರೈಸ್ತರಾದವರಿಗಿಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ವಿಸ್ತರಿಸಿತು. ಹಾಗಾಗಿ ಮನೆಯಲ್ಲಿ ಪ್ರಾರ್ಥಿಸುವವರೆಲ್ಲ ಕಾಗದದಲ್ಲಿ ಕ್ರೈಸ್ತರಾಗಿರುವುದಿಲ್ಲ. ಜಿಲ್ಲೆಯ ಜನಗಣತಿ ಕ್ರೈಸ್ತರನ್ನು ಶೇಕಡಾ ಒಂದಕ್ಕೂ ಕಡಿಮೆ ತೋರಿಸುತ್ತದೆ. ಅವರ ಚರಿತ್ರೆ ಉಳಿದಿರುವುದು ಕೂಟಗಳಲ್ಲಿ ಎದ್ದು ನಿಂತು ಹೇಳುವ ‘ಸಾಕ್ಷಿ’ಯಲ್ಲಿ. ಮಾಜಿ ದೇವದಾಸಿಯರ, ತುಂಗಭದ್ರಾ ಕಾಲುವೆ ಬಯಲಿನ ಕ್ಯಾಂಪುಗಳ ಕೂಲಿ ಹೆಂಗಸರ ಸಾಕ್ಷಿಗಳನ್ನು ಯಾವ ದೈವಜ್ಞಾನ ಕಾಲೇಜೂ ಕ್ರಮವಾಗಿ ಸಂಗ್ರಹಿಸಿದಂತಿಲ್ಲ. ಮಂಟೇಸ್ವಾಮಿ, ಜುಂಜಪ್ಪರ ಕಾವ್ಯಗಳನ್ನು ಹಾಡಿದವರ ಬಾಯಿಂದಲೇ ದಾಖಲಿಸಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಗಂಗಾವತಿಗೆ ದೂರವಲ್ಲ. ಅದೇ ಶ್ರದ್ಧೆ ಇಲ್ಲಿಗೂ ಬೇಕು. ದಾಖಲಾಗಬೇಕಾದದ್ದು ವಾಸಿಯಾದವರ ಸಾಕ್ಷಿಗಳಷ್ಟೇ ಅಲ್ಲ, ವಾಸಿಯಾಗದೆಯೂ ಕೂಟಕ್ಕೆ ಬರುವುದನ್ನು ಬಿಡದವರದೂ.