ಮೈದಾ ಬೇಡ, ಜೋಳದ ಹಿಟ್ಟು ಸಾಕು: ಮನೆಯಲ್ಲೇ ಮಾಡಿ ಗ್ಲುಟನ್ ಮುಕ್ತ ಈರುಳ್ಳಿ ಟಾರ್ಟ್

ಫ್ರಾನ್ಸ್‌ನ ಅಲ್ಸೇಸ್ ಪ್ರದೇಶದ ಈರುಳ್ಳಿ ಟಾರ್ಟ್ ಎಂದರೆ ಗೋಧಿ ಹಿಟ್ಟಿನ ತಳ, ಮೇಲೆ ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಮೊಟ್ಟೆ, ಕ್ರೀಮ್. ಸೀಲಿಯಾಕ್ ಕಾಯಿಲೆ ಇರುವವರಿಗೆ ಆ ತಳವೇ ತೊಂದರೆ. ಗೋಧಿಯ ಗ್ಲುಟನ್ ಸ್ವಲ್ಪ ಸೇರಿದರೂ ಅವರ ಸಣ್ಣ ಕರುಳಿಗೆ ಹಾನಿ. ಜೋಳದಲ್ಲಿ ಗ್ಲುಟನ್ ಇಲ್ಲ.

ಆದರೆ ಗೋಧಿ ಬೀಸುವ ಗಿರಣಿಯಲ್ಲೇ ಜೋಳ ಬೀಸಿಸಿದರೆ ಇಷ್ಟೆಲ್ಲಾ ಮಾಡಿಯೂ ವ್ಯರ್ಥ. ‘ಗ್ಲುಟನ್ ಮುಕ್ತ’ ಎಂದು ಬರೆದ ಪ್ಯಾಕೆಟ್ ಹಿಟ್ಟೇ ಕೊಳ್ಳಿ. ಎಫ್‌ಎಸ್‌ಎಸ್‌ಎಐ ನಿಯಮದಂತೆ ಅದರಲ್ಲಿ ಗ್ಲುಟನ್ ಕೆಜಿಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಇಂಗು ಹಾಕುವ ಆಸೆಯಾದರೆ ಡಬ್ಬಿ ಓದಿ, ಹಲವು ಬಗೆಯ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆತಿರುತ್ತದೆ.

150 ಗ್ರಾಂ ಜೋಳದ ಹಿಟ್ಟು, 50 ಗ್ರಾಂ ಅಕ್ಕಿ ಹಿಟ್ಟು, ಉಪ್ಪಿಗೆ 100 ಗ್ರಾಂ ತಣ್ಣನೆಯ ಬೆಣ್ಣೆಯನ್ನು ಉದುರುದುರಾಗಿ ಬೆರೆಸಿ, 1 ಮೊಟ್ಟೆ ಹಾಕಿ ಮುದ್ದೆ ಮಾಡಿ. ಲಟ್ಟಿಸಲು ಹೋದರೆ ಹರಿಯುತ್ತದೆ, ಜೋಳದ ರೊಟ್ಟಿ ತಟ್ಟುವವರಿಗೆ ಇದು ಗೊತ್ತೇ ಇದೆ! 9 ಇಂಚಿನ ಟಾರ್ಟ್ ತಟ್ಟೆಗೆ ಬೆರಳಿನಿಂದಲೇ ಒತ್ತಿ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಫೋರ್ಕ್‌ನಿಂದ ಚುಚ್ಚಿ, ಓವನ್‌ನಲ್ಲಿ 180 ಡಿಗ್ರಿಗೆ 15 ನಿಮಿಷ ಬೇಯಿಸಿ.

ಅಷ್ಟರಲ್ಲಿ ಅರ್ಧ ಕೆಜಿ ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ, ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ 30-40 ನಿಮಿಷ ಹೊಂಬಣ್ಣ ಬರುವವರೆಗೆ ಬಾಡಿಸಿ. ಇಲ್ಲಿ ಅವಸರ ಮಾಡಿದರೆ ಟಾರ್ಟ್ ನೀರುನೀರಾಗುತ್ತದೆ. 2 ಮೊಟ್ಟೆ, 150 ಮಿಲಿ ಕ್ರೀಮ್, ಉಪ್ಪು, ಕಾಳುಮೆಣಸು, ಚೂರು ಜಾಯಿಕಾಯಿ ಕದಡಿ ಈರುಳ್ಳಿಗೆ ಬೆರೆಸಿ, ತಳದ ಮೇಲೆ ಸುರಿದು ಮತ್ತೆ 30 ನಿಮಿಷ ಬೇಯಿಸಿ. ಬಿಸಿಯಲ್ಲಿ ಕತ್ತರಿಸಿದರೆ ತಳ ಪುಡಿಯಾಗುತ್ತದೆ. ಕಾಲು ಗಂಟೆ ಆರಲು ಬಿಡಿ.